ಕಾಲು ಸುಮ್ಮನಿದ್ದ ದಿನ

ನನ್ನ ಎದುರಿನ ಹಲ್ಲು ಮುರಿದವಳು ನನ್ನ ದೊಡ್ಡ ಮೊಮ್ಮಗಳು ಪ್ರತಿಮಾ. ಆಗ ಅವಳಿಗೆ ಒಂದೂವರೆ ವರ್ಷ ಇರಬೇಕು. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಅವಳನ್ನು ನನ್ನ ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಿದ್ದೆ. ಹೊರಗೆ ಬಾವಿಕಟ್ಟೆಯಲ್ಲಿ ಯಾರೋ ಕೊಡಪಾನ ಕೈಬಿಟ್ಟರು. ಠಣ್ ಎಂದದ್ದೇ ತಡ, ಮಗುವಿನ ಮೈ ಬಿಲ್ಲಾಗಿ, ಎರಡೂ ಕಾಲು ಒಂದರ ಮೇಲೊಂದು ಕತ್ತರಿ ಹಾಕಿಕೊಂಡು ಚಿಮ್ಮಿದವು. ಹಿಮ್ಮಡಿ ಬಂದು ನನ್ನ ಬಾಯಿಗೆ ಬಡಿಯಿತು. ರಕ್ತ ಕಡಲೆಹಿಟ್ಟಿನ ನೀರಿನ ಜೊತೆ ಹರಿದು ಹೋಯಿತು. ಹಲ್ಲು ಬಚ್ಚಲ ತೂತಿನಲ್ಲಿ ಹೋಯಿತೋ, ನಾನೇ ನುಂಗಿದೆನೋ, ಇವತ್ತಿಗೂ ಗೊತ್ತಿಲ್ಲ.

ಆ ಜಾಗ ಹಾಗೇ ಖಾಲಿ ಬಿಟ್ಟಿದ್ದೇನೆ. ಈಗ ಒಂದು ತಿಂಗಳಿನಿಂದ ಕಂಡವರ ಎದುರೆಲ್ಲ ಬಾಯಿ ಅಗಲ ಮಾಡಿ ನಗುತ್ತಿದ್ದೇನೆ, ಹಲ್ಲಿಲ್ಲದ್ದು ಎಲ್ಲರಿಗೂ ಕಾಣುತ್ತದೆ, ಕಾಣಲಿ. ನಗುವುದು ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ತಮ್ಮನನ್ನು ನೋಡಿಕೊಳ್ಳುವುದಕ್ಕೆ ಶಾಲೆ ಬಿಡಿಸಿದರು. ಅಕ್ಷರ ತಪ್ಪಿದಲ್ಲಿ ಪ್ರತಿಮಾ ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನನ್ನ ಕೆಲಸ ಮಕ್ಕಳನ್ನು ಮೀಯಿಸುವುದು. ಹೆಮ್ಮಾಡಿ, ತಲ್ಲೂರು ಸುತ್ತಮುತ್ತ ಬಾಣಂತಿ ಇರುವ ಮನೆಗೆ ಬೆಳಿಗ್ಗೆ ಹೋಗಿ, ಮಗುವಿಗೆ ಎಣ್ಣೆ ಹಚ್ಚಿ, ಕೈಕಾಲು ನೀವಿ, ಹಂಡೆಯ ನೀರು ಹೊಯ್ದು, ಒರೆಸಿ ಮಲಗಿಸಿ ಬರುವುದು. ಮುಷ್ಟಿ ಬಿಗಿದುಕೊಂಡು ಹುಟ್ಟಿದ ಮಕ್ಕಳು ಕೂಡ ಎರಡು ಚೆಂಬು ನೀರು ಬಿದ್ದ ಕೂಡಲೇ ಬೆಣ್ಣೆಯ ಹಾಗೆ ಸಡಿಲಾಗುತ್ತವೆ. ಪ್ರತಿಮಾ ಸಡಿಲಾಗಲಿಲ್ಲ. ನೀರು ಬಿದ್ದಷ್ಟೂ ಬಿಗಿದಳು. ತೊಡೆ ಬಿಡಿಸುವುದಕ್ಕೆ ಹೋದರೆ ಇಕ್ಕಳದ ಹಾಗೆ ನನ್ನ ಬೆರಳನ್ನೇ ಕಚ್ಚಿ ಹಿಡಿಯುತ್ತಿತ್ತು.

ಈಗ ಹೇಳಿದರೆ ನಗುತ್ತೀರಿ, ನಮಗೆ ಅದು ಹೆಮ್ಮೆಯಾಗಿತ್ತು. ಐದು ತಿಂಗಳ ಮಗು, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಒನಕೆಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದಳು, ಅದೂ ಕಾಲ್ಬೆರಳ ತುದಿಯ ಮೇಲೆ. ಬಂದವರಿಗೆಲ್ಲ ನಿಲ್ಲಿಸಿ ತೋರಿಸಿದ್ದೇ ತೋರಿಸಿದ್ದು. ಮುಂಬೈಯ ಹೋಟೆಲಿನಲ್ಲಿದ್ದ ಅಳಿಯ ಸುಧಾಕರ ರಜೆಯಲ್ಲಿ ಬಂದವರು ಮಗಳು ನಿಂತದ್ದನ್ನು ನೋಡಿ ಆ ಸಂಜೆಯೇ ಮನೆಯಲ್ಲಿ ಪಾಯಸ ಮಾಡಿಸಿದರು. ನೆರೆಮನೆಯ ಸುಶೀಲಕ್ಕ ಮಗುವಿನ ತೊಡೆ ಹಿಸುಕಿ ನೋಡಿ, “ಎಂಥ ಗಟ್ಟಿ ಮಗು ಮಾರಾಯ್ತಿ! ನಿನ್ ಕೈ ನೀರಿನ್ ಗುಣ ಅದ್” ಎಂದಳು. ಗಟ್ಟಿ ಎನ್ನುವ ಒಂದು ಮಾತಿನ ಮೇಲೆ ನಾವು ಒಂದು ವರ್ಷ ಕಳೆದೆವು. ಅಷ್ಟರಲ್ಲಿ ಓರಗೆಯ ಮಕ್ಕಳು ಅಂಬೆಗಾಲಿಟ್ಟು, ಎದ್ದು, ನಡೆದು, ನಮ್ಮ ಅಂಗಳಕ್ಕೆ ಬಂದು ಹೂವಿನ ಗಿಡ ಕಿತ್ತು ಹೋದವು. ನಮ್ಮ ಗಟ್ಟಿ ಮಗು ಕೂರಿಸಿದರೆ ಹಿಂದಕ್ಕೆ ಬೀಳುತ್ತಿತ್ತು.

ಹಲ್ಲು ಹೋದ ಮಾರನೇ ದಿನ ನಾನೇ ಹಟ ಮಾಡಿ ಮಗಳು ಜಲಜಳನ್ನು ಹೊರಡಿಸಿದೆ. ದೊಡ್ಡಾಸ್ಪತ್ರೆಗೆ ಬಸ್ಸು. ಕುಂದಾಪುರ ದಾಟುವಾಗ ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ಕಿವಿ ಹರಿಯುವ ಹಾಗೆ ಹಾರ್ನ್ ಹಾಕಿತು. ಪ್ರತಿಮಾಳ ಕಾಲು ಚಿಮ್ಮಿ ಎದುರು ಸೀಟಿನ ಗಂಡಸಿನ ಕುತ್ತಿಗೆಗೆ ಬಡಿಯಿತು. ಅವರು ತಿರುಗಿ, ಮಗುವಿಗೆ ಬುದ್ಧಿ ಕಲಿಸಲಿಕ್ಕಾಗದವರು ಹೆರುವುದು ಯಾಕೆ ಎಂದರು. ಬಾತುಕೊಂಡ ಬಾಯಿಯಲ್ಲೇ ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಬರೆದರೆ ಪ್ರತಿಮಾ ಅಳಿಸುತ್ತಾಳೆ. ಕಂಡಕ್ಟರು ನಡುವೆ ಬರದಿದ್ದರೆ ಕೈ ಕೈ ಹತ್ತುತ್ತಿತ್ತು. ಜಲಜ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ಡಾಕ್ಟರಮ್ಮ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಫಕ್ಕನೆ ಮೇಲಕ್ಕೆ ಒತ್ತಿದರು. ಪಾದ ಟಕಟಕಟಕ ಎಂದು ಹೊಲಿಗೆ ಮಿಷನ್ನಿನ ಹಾಗೆ ಅಲುಗಿತು. ಅವರು ಹೇಳಿದ ಹೆಸರು ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗಲೋ ಅದಕ್ಕೂ ಮೊದಲೋ ಮಿದುಳಿಗೆ ಪೆಟ್ಟು ಬಿದ್ದಿದೆ, ಆ ಪೆಟ್ಟು ಹೋಗುವುದಿಲ್ಲ, ಅದರಿಂದ ಬರುವ ಬಿಗಿಯನ್ನು ಇಳಿಸಬಹುದು ಎಂದರು. ಐದು ತಿಂಗಳಿಗೇ ನಿಂತಿದ್ದಳಲ್ಲ ಎಂದು ನಾನು ಕೇಳಿದೆ. “ನಿಂತದ್ದು ಅವಳಲ್ಲ ಅಜ್ಜಿ, ಆ ಬಿಗಿ ಅವಳನ್ನು ನಿಲ್ಲಿಸಿತ್ತು” ಎಂದರು. ನನಗೆ ಆ ಸಂಜೆಯ ಪಾಯಸ ನೆನಪಾಯಿತು.

ಹೊರಗೆ ಬೆಂಚಿನ ಮೇಲೆ ಬೈಂದೂರು ಕಡೆಯ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ತೊಡೆಯ ಮೇಲಿದ್ದ ಹುಡುಗನ ಕಾಲೂ ಹಾಗೇ ಕತ್ತರಿ. ಜಲಜ ಅಳು ನಿಲ್ಲಿಸುತ್ತಿರಲಿಲ್ಲ. ಆ ಹೆಂಗಸು ಚೀಲದಿಂದ ಗೋಳಿಬಜೆಯ ಪೊಟ್ಟಣ ತೆಗೆದು ನಮ್ಮ ನಡುವೆ ಇಟ್ಟು, “ಸುರುವಿಗೆ ಅಳುದು, ಮತ್ತೆ ಜಗ್ಳ ಮಾಡುದು, ಅದ್ ಮುಗ್ದ್ ಮೇಲೆ ಕೆಲ್ಸ. ನೀವ್ ಈಗ ಯಾವ್ದ್ರಗೆ ಇದ್ರಿ?” ಎಂದು ಕೇಳಿದಳು. ಮಗಳು ಅಳುವುದರಲ್ಲಿ, ನಾನು ಜಗಳದಲ್ಲಿ ಎಂದೆ. ಅವಳು ನಕ್ಕಳು, ಜಲಜಳಿಗೂ ನಗು ಬಂತು. ಆ ಗೋಳಿಬಜೆ ತಣ್ಣಗಾಗಿ ಚರ್ಮದ ಹಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ಆಮೇಲಿನ ವರ್ಷಗಳನ್ನು ಮೆತ್ತಗೆ ಹೇಳಲಿಕ್ಕೆ ಬರುವುದಿಲ್ಲ, ಯಾಕೆಂದರೆ ಅವು ಮೆತ್ತಗಿರಲಿಲ್ಲ. ತೊಡೆಗೆ, ಮೀನಖಂಡಕ್ಕೆ ಬಿಗಿ ಇಳಿಸುವ ಸೂಜಿ. ಒಬ್ಬರು ತಲೆ ಹಿಡಿಯುವುದು, ಒಬ್ಬರು ಸೊಂಟ ಹಿಡಿಯುವುದು, ಕಾಲಿಗೆ ಇಬ್ಬರು. ಕೋಳಿ ಹಿಡಿದ ಹಾಗೆ ಹಿಡಿದಿದ್ದೇವೆ ಅವಳನ್ನು. ಅವಳು ನನ್ನ ಮುಂಗೈ ಕಚ್ಚಿದ ಗುರುತು ಈಗಲೂ ಇದೆ. ಸೂಜಿಯ ಮೇಲೆ ಪ್ಲಾಸ್ಟರು. ಪಾದವನ್ನು ಬಲವಂತವಾಗಿ ನೆಟ್ಟಗೆ ಮಾಡಿ ಸುತ್ತಿ ಕಟ್ಟುವುದು, ವಾರ ಕಳೆದು ಕೊಯ್ದು ತೆಗೆಯುವುದು, ಇನ್ನೊಂದಿಷ್ಟು ಬಗ್ಗಿಸಿ ಮತ್ತೆ ಕಟ್ಟುವುದು. ಪ್ಲಾಸ್ಟರು ಕೊಯ್ಯುವ ಗರಗಸ ಗುರ್ರೆಂದು ಕಾಲಿನ ಹತ್ತಿರ ಬಂದರೆ ಅವಳು ಕೂಗುವುದು ಕೆಳಗಿನ ಮಾಳಿಗೆಗೆ ಕೇಳುತ್ತಿತ್ತು. ಒಳಗಿನಿಂದ ಬರುವ ಕಾಲು ಬಿಳುಚಿ, ಸಿಪ್ಪೆ ಎದ್ದು, ಹಳೆಯ ಗೋಣಿಯ ವಾಸನೆ. ಆ ಕಾಲನ್ನು ಮನೆಗೆ ತಂದು ಎಣ್ಣೆ ಹಚ್ಚುವುದು ನನ್ನ ಪಾಲಿಗೆ. ಎಣ್ಣೆ ಹಚ್ಚುತ್ತ ಹಚ್ಚುತ್ತ ಅದನ್ನು ಹೊಡೆದು ಹಾಕಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು ನನಗೆ. ಮಗುವಿನ ಮೇಲಲ್ಲ. ಅವಳ ಮೈಯೊಳಗೆ ಕೂತು ಅವಳನ್ನು ಹಿಂಡುತ್ತಿದ್ದ ಆ ಬಿಗಿಯ ಮೇಲೆ.

ದಿನಾ ಕಾಲು ಎಳೆಯುವುದನ್ನು ಫಿಸಿಯೋಥೆರಪಿಯ ಹುಡುಗಿ ನನಗೆ ಕಲಿಸಿದಳು. ನನ್ನ ಕೈ ಬಿರುಸು. ಮೊದಲ ದಿನ ನಾನು ಎಳೆದದ್ದು ನೋಡಿ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಫಕ್ಕನೆ ಎಳೆದರೆ ಸ್ನಾಯು ಹೆದರಿ ಎರಡರಷ್ಟು ಬಿಗಿಯುತ್ತದೆ, ನಿಧಾನ ಹೋಗಿ, ಅದು ಸೋಲುವವರೆಗೆ ಹಿಡಿದೇ ಇರಿ ಎಂದಳು. ಅಷ್ಟು ವರ್ಷ ಮಕ್ಕಳನ್ನು ತಿಕ್ಕಿ ತಿರುವಿದ ಕೈಗೆ ನಿಧಾನ ಕಲಿಯುವುದು ಬಹಳ ಕಷ್ಟವಾಯಿತು. ಕಲಿತೆ. ಪ್ರತಿಮಾ ಸ್ವಲ್ಪ ಮಾತು ಬಂದ ಮೇಲೆ ಎಳೆಯುವಾಗಲೆಲ್ಲ ನನ್ನನ್ನು ಬೈಯುವುದಕ್ಕೆ ಶುರು ಮಾಡಿದಳು. ಅವಳ ಮಾತು ಸ್ವಲ್ಪ ಎಳೆದ ಹಾಗೆ, ಈಗಲೂ ಹಾಗೇ. ಬೈಗುಳ ಮಾತ್ರ ಬಹಳ ಸ್ಪಷ್ಟ. ರಾಕ್ಷಸಿ ಎಂದು ಶುರುವಾಗಿ ನನ್ನ ಹೆತ್ತವರವರೆಗೆ ಹೋಗುತ್ತಿತ್ತು. ಬೈಯಲಿ ಎಂದು ಬಿಟ್ಟೆ. ಬೈಯುವಾಗ ಉಸಿರು ಬಿಡುತ್ತಾಳೆ, ಉಸಿರು ಬಿಟ್ಟಾಗ ಕಾಲು ಒಂದು ಚೂರು ಸಡಿಲ.

ಶಾಲೆಗೆ ಹೋಗುವ ಹೊತ್ತಿಗೆ ಅವಳು ಅಡುಗೆಮನೆಯ ಕಿಟಕಿಯ ಸರಳು ಹಿಡಿದು ತುದಿಗಾಲಿನಲ್ಲಿ ನಿಲ್ಲುತ್ತಿದ್ದಳು. ನಾವು ಅಷ್ಟಕ್ಕೇ ಸಂತೋಷದಲ್ಲಿದ್ದೆವು. ಆಮೇಲೆ ಡಾಕ್ಟರಮ್ಮ ಆಪರೇಷನ್ ಎಂದರು. ತೊಡೆಯ ಒಳಗೆ, ಹಿಮ್ಮಡಿಯ ಹಿಂದೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದ ಹಾಗಿರುವುದನ್ನು ಕೊಯ್ದು ಉದ್ದ ಮಾಡುವುದು. ಬಿಟ್ಟರೆ ಸೊಂಟದ ಕೀಲು ಜಾರುತ್ತದೆ, ದೊಡ್ಡವಳಾದ ಮೇಲೆ ಕೂರಲಿಕ್ಕೂ ಆಗದಷ್ಟು ನೋವಾಗುತ್ತದೆ ಎಂದು ಹೆದರಿಸಿದರು. ಮಾಡಿಸಿದೆವು. ಪ್ಲಾಸ್ಟರು ಬಿಚ್ಚಿ ಮನೆಗೆ ಕರೆತಂದು ಅದೇ ಕಿಟಕಿಯ ಹತ್ತಿರ ನಿಲ್ಲಿಸಿದರೆ ಮಗು ಒದ್ದೆ ಬಟ್ಟೆಯ ಹಾಗೆ ಕುಸಿದಳು. ಮತ್ತೆ ಎತ್ತಿದೆವು, ಮತ್ತೆ ಕುಸಿದಳು. ಗಲ್ಲ ಸರಳಿಗೆ ತಾಗಿ ಒಡೆಯಿತು.

ಅಳಿಯ ಅಷ್ಟರಲ್ಲಿ ಮುಂಬೈ ಬಿಟ್ಟು ಬಂದು ಹೈವೇ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಸೌಮ್ಯ ಮನುಷ್ಯ. ಆ ದಿನ ಅವರು ಬೇರೆಯೇ ಆಗಿಬಿಟ್ಟರು. ನಿಲ್ಲುತ್ತಿದ್ದ ಮಗುವನ್ನು ಕೊಯ್ದು ಹಾಳು ಮಾಡಿದರು ಎಂದು ಕೂಗಿ, ಆಸ್ಪತ್ರೆಯಿಂದ ಕೊಟ್ಟ ವಾಕರನ್ನು ಎತ್ತಿ ಅಂಗಳದ ತೆಂಗಿನ ಮರಕ್ಕೆ ಬಡಿದರು. ಅದು ಬಗ್ಗುವವರೆಗೆ ಬಡಿದರು. ಇನ್ನು ಡಾಕ್ಟರನ್ನೇ ನೋಡಿಕೊಳ್ಳುತ್ತೇನೆ ಎಂದು ಬೈಕಿನ ಕೀ ಹುಡುಕಿದರು. ಜಲಜ ಅಡ್ಡ ನಿಂತಳು. ಅವರು ಅವಳನ್ನು ತಳ್ಳಿದರು. ಅವಳು ಒಲೆಯ ಮೇಲಿದ್ದ ಸೌಟು ತೆಗೆದು, ಸಾರು ಸಮೇತ, ಅವರ ಎದೆಗೆ ಬೀಸಿದಳು. “ಹ್ವಾಯ್, ಇನ್ನೊಂದ್ ಹೆಜ್ಜೆ ಹೊರ್ಗ್ ಇಟ್ರೆ ಇದ್ ತಲೆಗೆ ಬೀಳತ್ತ್” ಎಂದಳು. ಅಳುವುದೇ ಗೊತ್ತಿದ್ದ ನನ್ನ ಮಗಳು. ಅಂಗಿಯ ತುಂಬ ಸಾರು, ಅಂಗಳದಲ್ಲಿ ಬಗ್ಗಿದ ಕಬ್ಬಿಣ, ನೆರೆಯವರೆಲ್ಲ ಬೇಲಿಯ ಹತ್ತಿರ.

ಅಷ್ಟರಲ್ಲಿ ಕೆಳಗೆ ಕುಸಿದಿದ್ದ ಪ್ರತಿಮಾ ಗಲ್ಲದ ರಕ್ತ ಒರೆಸಿಕೊಳ್ಳುತ್ತ ಎಳೆದೆಳೆದು ಹೇಳಿದಳು, “ಅಪ್ಪಯ್ಯ, ಅದ್ ನನ್ ಕಾಲ್. ನಿಮ್ದಲ್ಲ.”

ಅಳಿಯ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮರುದಿನ ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸಿಟ್ಟು ಮಾಡಲಿಲ್ಲ. ಇಷ್ಟು ದಿನ ಬಿಗಿಯ ಮೇಲೆ ನಿಂತಿದ್ದಳು, ಆ ಊರುಗೋಲು ನಾವು ತೆಗೆದೆವು, ಅದರ ಅಡಿಯಲ್ಲಿ ಅವಳ ಸ್ವಂತ ಬಲ ಎಷ್ಟು ಕಡಿಮೆ ಇತ್ತು ಎನ್ನುವುದು ಈಗ ಕಾಣುತ್ತಿದೆ, ಇನ್ನು ಅದನ್ನು ಬೆಳೆಸಬೇಕು, ವರ್ಷಗಳು ಬೇಕು ಎಂದರು. ಇದನ್ನು ಮೊದಲೇ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು ಎಂದೂ ಅವರೇ ಹೇಳಿದರು. ಇಂಥ ಮಗು ಇರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಬಿಗಿ ಇಳಿದ ಕೂಡಲೇ ಮಗು ಕುಸಿದರೆ ವಾಕರು ಮುರಿಯಬೇಡಿ. ನಮ್ಮದು ಸರಿ ಮಾಡಿಸಿದ ಮೇಲೂ ಒಂದು ಕಡೆ ವಾಲುತ್ತಿತ್ತು.

ಬಲ ಬಂತು. ಅಕ್ಕಿ ಒಂದೊಂದೇ ಕಾಳು ಹೆಕ್ಕಿದ ಹಾಗೆ ಬಂತು. ನಡುವೆ ಅವಳು ದೊಡ್ಡವಳಾಗುವ ವಯಸ್ಸಿನಲ್ಲಿ ಎಲುಬು ಓಡಿ ಓಡಿ ಬೆಳೆಯಿತು, ಸ್ನಾಯು ಹಿಂದೆ ಬಿತ್ತು, ಬಿಗಿ ಮತ್ತೆ ಬಂದು ಕಾಲು ಹಿಂಡಿತು. ಮತ್ತೆ ಸೂಜಿ, ಮತ್ತೆ ಪ್ಲಾಸ್ಟರು, ಮತ್ತೆ ನಾನು ರಾಕ್ಷಸಿ. ಈಗ ಅವಳಿಗೆ ಇಪ್ಪತ್ತಾರು. ಮನೆಯೊಳಗೆ ವಾಕರಿನಲ್ಲಿ ಓಡಾಡುತ್ತಾಳೆ, ಹೊರಗೆ ಗಾಲಿಕುರ್ಚಿ. ಮೆಟ್ಟಿಲು ಆಗುವುದಿಲ್ಲ, ಮಳೆಗಾಲದಲ್ಲಿ ಕಾಲು ಹೆಚ್ಚು ಬಿಗಿಯುತ್ತದೆ, ಮಾತ್ರೆ ಇದೆ. ನಡೆದುಕೊಂಡು ಬಸ್ಸು ಹತ್ತುತ್ತಾಳೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಸೊಂಟದ ಕೀಲು ಜಾಗದಲ್ಲೇ ಇದೆ. ತನ್ನ ಮೈ ತಾನೇ ತೊಳೆದುಕೊಳ್ಳುತ್ತಾಳೆ, ತನ್ನ ಚೂಡಿದಾರ ತಾನೇ ಹಾಕಿಕೊಳ್ಳುತ್ತಾಳೆ. ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ಗದರಿಸುತ್ತಾಳೆ. ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ, ಎರಡೂ ಕಾಲು ಪಕ್ಕಪಕ್ಕಕ್ಕೆ, ನೆಟ್ಟಗೆ. ಆ ಕಾಲಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಗೊತ್ತಿರುವ ನಾನು ಅದನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಹೋಗಿದೆ, ಎಷ್ಟೋ ಸಲ.

ಈಗ ನನ್ನ ಸಂತೋಷದ ವಿಷಯ. ಪ್ರತಿಮಾಳ ತಂಗಿ ಅಶ್ವಿನಿಯನ್ನು ಬ್ರಹ್ಮಾವರಕ್ಕೆ ಕೊಟ್ಟದ್ದು. ಹೆರಿಗೆಗೆ ನಮ್ಮ ಮನೆಗೇ ಬಂದಳು. ಗಂಡು ಮಗು. ಊರ ಮಕ್ಕಳನ್ನೆಲ್ಲ ಮೀಯಿಸಿದ ನನಗೆ ನನ್ನ ಮರಿಮಗುವನ್ನು ಮೀಯಿಸಲಿಕ್ಕೆ ಆಗಲಿಲ್ಲ. ನನ್ನ ಮೊಣಗಂಟು ಬಾತು ತೆಂಗಿನಕಾಯಿಯ ಹಾಗಾಗಿವೆ, ನೆಲದಲ್ಲಿ ಕಾಲು ನೀಡಿ ಕೂತರೆ ಎತ್ತಲಿಕ್ಕೆ ಜನ ಬೇಕು. ಜಲಜಳಿಗೆ ಸೊಂಟ ನೋವು. ತಲ್ಲೂರಿನಿಂದ ಯಾರನ್ನಾದರೂ ಕರೆಸೋಣ ಎಂದು ಮಾತಾಡುತ್ತಿದ್ದೆವು. ಪ್ರತಿಮಾ ಹೇಳಿದಳು, “ನಾನ್ ಮೀಸ್ತೆ.”

ಮನೆಯಲ್ಲಿ ಬೆಂಕಿ ಬಿತ್ತು. ಅಳಿಯ ಆಗುವುದಿಲ್ಲ ಎಂದರು. ಜಲಜ ಅದಕ್ಕಿಂತ ಜೋರಾಗಿ ಆಗುವುದಿಲ್ಲ ಎಂದಳು. ಅವರದ್ದು ತಪ್ಪಲ್ಲ. ಎಲ್ಲ ಚಿಕಿತ್ಸೆಯ ಮೇಲೂ ಒಂದು ಉಳಿದಿತ್ತು. ಫಕ್ಕನೆ ದೊಡ್ಡ ಸದ್ದಾದರೆ ಅವಳ ಮೈ ಈಗಲೂ ಹಾರುತ್ತದೆ. ಎಣ್ಣೆ ಹಚ್ಚಿದ ಒದ್ದೆ ಮಗು ಕಾಲ ಮೇಲಿಂದ ಚಿಮ್ಮಿ ಬಚ್ಚಲ ಕಲ್ಲಿಗೆ ಬಿದ್ದರೆ? ನನ್ನ ನಾಲಿಗೆ ತಾನಾಗಿ ಹಲ್ಲಿಲ್ಲದ ಜಾಗಕ್ಕೆ ಹೋಯಿತು. ಪ್ರತಿಮಾ ಯಾರ ಹತ್ತಿರವೂ ವಾದ ಮಾಡಲಿಲ್ಲ. ನನ್ನ ಕಡೆ ತಿರುಗಿ, “ಅಮ್ಮಮ್ಮ, ನಂಗೆ ಕಲ್ಸ್. ಆತಿಲ್ಲೆ ಅಂದ್ರೆ ನೀನೇ ಹೇಳ್” ಎಂದಳು. ಬಾಣಂತಿ ಒಳಗಿನಿಂದ, ಮಗು ನನ್ನದು, ಅಮ್ಮಮ್ಮ ಹೇಳಿದ ಹಾಗೆ ಎಂದಳು.

ಮನೆಯ ಮಾಡಿನ ಕೆಳಗೆ ಬಾಳೆಯ ಹಗ್ಗದಲ್ಲಿ ಕಟ್ಟಿ ತೂಗುಬಿಟ್ಟ ಬಣ್ಣದ ಸೌತೆಕಾಯಿ ಇದ್ದವು. ಎರಡು ಕೈ ತುಂಬುವಷ್ಟು ದೊಡ್ಡವು. ಒಂದನ್ನು ಇಳಿಸಿ, ಎಣ್ಣೆ ಹಚ್ಚಿ, ಬಚ್ಚಲಲ್ಲಿ ಗೋಡೆಗೆ ಒರಗಿ ಕೂತ ಪ್ರತಿಮಾಳ ಕಾಲ ಮೇಲೆ ಮಲಗಿಸಿದೆ. ನಾನು ಹಿಂದೆ ಸ್ಟೂಲಿನಲ್ಲಿ ಕೂತು ಬೆಚ್ಚಗಿನ ನೀರು ಹೊಯ್ದೆ. ಅವಳು ಮಗುವನ್ನು ತಿಕ್ಕಿದ ಹಾಗೆ ಸೌತೆಕಾಯಿ ತಿಕ್ಕಿದಳು. ಆಗ ನಾನು ಹಿತ್ತಾಳೆ ಚೆಂಬನ್ನು ಎತ್ತಿ ಕಲ್ಲಿಗೆ ಧಡಾರನೆ ಬಡಿದೆ. ಸೌತೆಕಾಯಿ ಹಾರಿ ಎದುರು ಗೋಡೆಗೆ ಹೊಡೆದು ಸೀಳಿತು, ಬೀಜ ನನ್ನ ತಲೆಯವರೆಗೆ ಬಂತು.

“ಮಗು ಸತ್ತ್ ಹೋಯ್ತ್. ಇನ್ನೊಂದ್ ತಾ” ಎಂದಳು ಪ್ರತಿಮಾ.

ಹೀಗೆ ದಿನಾ. ಅಲ್ಲಿಯವರೆಗೆ ಮಗುವನ್ನು ಮೀಯಿಸಲಿಕ್ಕೆ ತಲ್ಲೂರಿನಿಂದ ಒಬ್ಬಳು ಬರುತ್ತಿದ್ದಳು. ಅವಳಿಗೆ ಹೇಳದೆ ಬಡಿಯುವುದು ನನ್ನ ಕೆಲಸ. ಕೊಡಪಾನ, ಡಬ್ಬಿ, ತಟ್ಟೆ, ಕೈಗೆ ಸಿಕ್ಕಿದ್ದು. ಹೊರಗೆ ಕೇಳಿದವರಿಗೆ ಬಚ್ಚಲಲ್ಲಿ ಹೊಡೆದಾಟ ಆಗುತ್ತಿದೆ ಎಂದೇ ಅನ್ನಿಸಬೇಕು. ಸುಶೀಲಕ್ಕ ಓಡಿಬಂದು ಒಮ್ಮೆ ಬಾಗಿಲು ತಳ್ಳಿಯೇಬಿಟ್ಟಳು, ಸೌತೆಕಾಯಿಯ ತಿರುಳು ಮೆತ್ತಿಕೊಂಡ ನಮ್ಮಿಬ್ಬರನ್ನು ನೋಡಿ ಬಾಗಿಲು ಎಳೆದುಕೊಂಡು ಹೋದಳು. ಒಡೆದದ್ದನ್ನು ತೊಳೆದು ಜಲಜ ಹುಳಿ ಮಾಡಿದಳು. ಊಟಕ್ಕೆ ಕೂತಾಗ ಅಳಿಯ ಕೇಳುವರು, ಇವತ್ತು ಎಷ್ಟು ಮಕ್ಕಳು ಹೋದವು ಎಂದು. ಸಿಟ್ಟಿನಲ್ಲಿ ಕೇಳಲಿಕ್ಕೆ ಶುರು ಮಾಡಿದವರು ಬರಬರುತ್ತ ನಗುತ್ತ ಕೇಳಿದರು.

ಪ್ರತಿಮಾ ಒಂದು ಉಪಾಯ ಕಂಡುಕೊಂಡಳು. ನಾನು ಕಾಲು ಎಳೆಯುವಾಗ ಬೈದು ಉಸಿರು ಬಿಡುತ್ತಿದ್ದಳಲ್ಲ, ಅದೇ. ಸೌತೆಕಾಯಿ ಕಾಲ ಮೇಲೆ ಇರುವಷ್ಟು ಹೊತ್ತೂ ಸಣ್ಣ ದನಿಯಲ್ಲಿ ನನ್ನನ್ನು ಬೈಯುತ್ತಲೇ ಇರುವುದು. ಸದ್ದಾದರೆ ಹೆಗಲು ಹಾರುತ್ತದೆ, ಕುತ್ತಿಗೆ ಹಾರುತ್ತದೆ, ಅಷ್ಟರಲ್ಲಿ ಉಸಿರು ಪೂರ್ತಿ ಹೊರಗೆ, ಕೈ ಸೌತೆಕಾಯಿಯ ಮೇಲೆ ಒತ್ತಿ ನಿಲ್ಲುತ್ತದೆ. ಕಾಲು ನಡುಗುತ್ತದೆ. ಕತ್ತರಿ ಹಾಕುವುದಿಲ್ಲ. ಮಾಡಿನ ಅಡಿಯಲ್ಲಿ ಸೌತೆಕಾಯಿ ಮುಗಿಯುವ ಮೊದಲೇ ಒಂದು ವಾರ ಒಂದೂ ಒಡೆಯಲಿಲ್ಲ. ನಾನು ಆಗುತ್ತದೆ ಎಂದು ಹೇಳಿದೆ.

ಮಗು ಮೀಯಿಸುವ ದಿನ ಬಚ್ಚಲಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಅಶ್ವಿನಿ ಒಂದು ಪಕ್ಕ, ಕೈ ಚಾಚಿಯೇ ಕೂತಿದ್ದಳು. ಜಲಜ ಇನ್ನೊಂದು ಪಕ್ಕ. ಕಲ್ಲಿನ ಮೇಲೆಲ್ಲ ಹಳೆಯ ಹೊದಿಕೆ ಹಾಸಿದ್ದೆವು. ಅಳಿಯ ಬಾಗಿಲಲ್ಲಿ. ಪ್ರತಿಮಾ ಗೋಡೆಗೆ ಒರಗಿ, ಎರಡು ಕಾಲು ಚಾಚಿ, ಬಟ್ಟೆ ಮೊಣಕಾಲಿಗೆ ಸರಿಸಿಕೊಂಡು ಕೂತಳು. ಹಿಮ್ಮಡಿಯ ಹಿಂದೆ ಕೊಯ್ದ ಗುರುತು ಬೆಳ್ಳಗೆ. ಆ ಕಾಲ ಮೇಲೆ ಮಗುವನ್ನು ಮಲಗಿಸಿದೆ. ನೀರು ಹೊಯ್ದೆ. ಅವಳು ತಿಕ್ಕಿದಳು, ನಿಧಾನವಾಗಿ, ನಾನು ಅವಳ ಕಾಲು ಎಳೆಯುತ್ತಿದ್ದಷ್ಟೇ ನಿಧಾನವಾಗಿ. ತುಟಿ ಅಲುಗುತ್ತಿತ್ತು, ಬೈಗುಳ ನಡೆದಿತ್ತು. ಮಗುವಿನ ಕಾಲು ಹಿಡಿದು ಒಂದರ ಮೇಲೊಂದು ತಂದಳು, ಬಿಟ್ಟಳು. ಅವು ತಾವಾಗಿ ಬಿಡಿಸಿಕೊಂಡು ಅಗಲ ಬಿದ್ದವು. ಅವಳು ಅದನ್ನು ನೋಡಿ ಮತ್ತೊಮ್ಮೆ ಮಾಡಿದಳು.

ಆಗಲೇ ಹೈವೇಯಲ್ಲಿ ಒಂದು ಬಸ್ಸು ಹಾರ್ನ್ ಹಾಕಿತು. ಅಂದಿನ ಹಾಗೆಯೇ, ಕಿವಿ ಹರಿಯುವ ಹಾಗೆ. ಚೆಂಬು ನನ್ನ ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು, ಅದೊಂದು ಸದ್ದು. ಅಶ್ವಿನಿ ಕೂಗಿದಳು, ಅದೊಂದು. ಪ್ರತಿಮಾಳ ತಲೆ ಹಿಂದಕ್ಕೆ ಹೋಗಿ ಗೋಡೆಗೆ ಹೊಡೆಯಿತು. ಹೆಗಲು ಕಿವಿಯವರೆಗೆ ಏರಿತು. ಅಂಗೈ ಮಗುವಿನ ಎದೆಯ ಮೇಲೆ ನಿಂತಿತು. ನಾನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದೆ. ಮೀನಖಂಡ ಒಮ್ಮೆ ಕಲ್ಲಾಯಿತು. ಪಾದ ಟಕಟಕ ಎಂದು ಅಲುಗಿತು. ಅಲುಗಿ, ಅಲುಗಿ, ನಿಂತಿತು. ಎರಡೂ ಕಾಲು ಇಟ್ಟಲ್ಲೇ ಇದ್ದವು, ಪಕ್ಕಪಕ್ಕಕ್ಕೆ, ನೆಟ್ಟಗೆ. ಅವುಗಳ ಮೇಲೆ ಮಗು ಏನೂ ಆಗದವನ ಹಾಗೆ ಮೇಲಕ್ಕೆ ಉಚ್ಚೆ ಹೊಯ್ದ. ಅದು ಪ್ರತಿಮಾಳ ಕುತ್ತಿಗೆಗೆ ಬಿತ್ತು.

ಬಾಗಿಲಲ್ಲಿ ಅಳಿಯ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ, ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ.

“ಎಂತ ನೋಡ್ತೆ ರಾಕ್ಷಸಿ, ಮಗುಗೆ ಚಳಿ ಆತ್ತ್. ನೀರ್ ಹೊಯ್ಯಿ” ಎಂದಳು ಪ್ರತಿಮಾ.

ಚೆಂಬು ಹೆಕ್ಕಿಕೊಂಡು ನೀರು ಹೊಯ್ದೆ.